ಪರಿಸರ ನ್ಯಾಯ ಮತ್ತು ದೃಶ್ಯಕಲೆ

ಗಾಳಿ, ನೀರು, ಮಣ್ಣು, ಕಾಡುಗಳಿಗೆ ಆದ ಹಾನಿಯನ್ನೂ ಆ ಹಾನಿಯ ಹೊರೆ ಸಮಾಜದ ಯಾವ ಜನರ ಮೇಲೆ ಬಿದ್ದಿದೆ ಎಂಬುದನ್ನೂ ಒಟ್ಟಿಗೆ ನಿರೂಪಿಸುವ ಚಿತ್ರ, ಶಿಲ್ಪ, ಛಾಯಾಚಿತ್ರ, ವಿಡಿಯೊ, ಪ್ರತಿಷ್ಠಾಪನೆ ಮೊದಲಾದ ಕೃತಿಗಳನ್ನು ಪರಿಸರ ನ್ಯಾಯದ ದೃಶ್ಯಕಲೆ ಎನ್ನುತ್ತಾರೆ. ನಿಸರ್ಗದ ಚೆಲುವನ್ನಷ್ಟೇ ತೋರುವ ಭೂದೃಶ್ಯಗಳು ಇದರಲ್ಲಿ ಸೇರುವುದಿಲ್ಲ. ಹೊಳೆ ಕೆಟ್ಟಿದೆ ಎಂದು ಹೇಳಿ ನಿಲ್ಲುವ ಕೃತಿ ಇದರ ಅಂಚಿನಲ್ಲಿದೆ. ಹೊಳೆಯನ್ನು ಕೆಡಿಸಿದವರು ಯಾರು, ಆ ನೀರನ್ನೇ ಕುಡಿಯಬೇಕಾಗಿ ಬಂದವರು ಯಾರು ಎಂಬ ಪ್ರಶ್ನೆಗಳನ್ನು ಎತ್ತುವ ಕೃತಿಗಳು ಇದರ ನಡುಮಧ್ಯದಲ್ಲಿವೆ.

ಪರಿಭಾಷೆ

ಈ ಲೇಖನದಲ್ಲಿ ‘ಪರಿಸರ ಹಾನಿ’ ಎಂದರೆ ಮನುಷ್ಯರ ಉದ್ಯಮ, ಯೋಜನೆ ಅಥವಾ ನಿರ್ಲಕ್ಷ್ಯದಿಂದ ಜೀವಜಾಲಕ್ಕೆ ಆದ ಕೇಡು. ‘ಪರಿಸರ ನ್ಯಾಯ’ ಎಂದರೆ ಆ ಕೇಡಿನ ಹೊರೆಯೂ ನಿಸರ್ಗದ ಪ್ರಯೋಜನವೂ ಜಾತಿ, ವರ್ಣ, ವರ್ಗಗಳ ಭೇದವಿಲ್ಲದೆ ಹಂಚಿಕೆಯಾಗಬೇಕು, ನಿರ್ಧಾರಗಳಲ್ಲಿ ಬಾಧಿತರ ಮಾತು ನಡೆಯಬೇಕು ಎಂಬ ತತ್ತ್ವ. ‘ಭೂಕಲೆ’ ನೆಲವನ್ನೇ ಮಾಧ್ಯಮವಾಗಿ ಬಳಸುತ್ತದೆ. ಅದಕ್ಕೆ ಪರಿಸರದ ಕಾಳಜಿ ಇರಲೇಬೇಕೆಂದಿಲ್ಲ. ರಾಬರ್ಟ್ ಸ್ಮಿತ್‌ಸನ್ 1970ರಲ್ಲಿ ಅಮೆರಿಕದ ಯೂಟಾದ ಉಪ್ಪುಸರೋವರದಲ್ಲಿ ಯಂತ್ರಗಳಿಂದ ಕಲ್ಲುಮಣ್ಣು ಸುರಿದು ಕಟ್ಟಿದ ‘ಸ್ಪೈರಲ್ ಜೆಟ್ಟಿ’ ಭೂಕಲೆಯ ಪ್ರಸಿದ್ಧ ಉದಾಹರಣೆ. ‘ಪರಿಸರ ಕಲೆ’ ನಿಸರ್ಗದ ಕ್ಷೇಮವನ್ನು ಉದ್ದೇಶವಾಗಿ ಇಟ್ಟುಕೊಂಡದ್ದು. ಅದರೊಳಗೆ ಜನರ ಹಕ್ಕಿನ ಪ್ರಶ್ನೆಯೂ ಬೆರೆತಾಗ ಅದು ಈ ಲೇಖನದ ವಿಷಯವಾಗುತ್ತದೆ.

ಹಿನ್ನೆಲೆ

ಕೈಗಾರಿಕಾ ಕ್ರಾಂತಿಯ ಹೊಗೆ ಯುರೋಪಿನ ಚಿತ್ರಕಲೆಯಲ್ಲಿ ಬೇಗನೆ ಕಾಣಿಸಿಕೊಂಡಿತು. ಲೌಥರ್‌ಬರ್ಗ್ 1801ರಲ್ಲಿ ಬರೆದ ‘ಕೋಲ್‌ಬ್ರೂಕ್‌ಡೇಲ್ ಬೈ ನೈಟ್’ ಚಿತ್ರದಲ್ಲಿ ಇಂಗ್ಲೆಂಡಿನ ಕಬ್ಬಿಣದ ಕುಲುಮೆಗಳ ಬೆಂಕಿ ರಾತ್ರಿಯ ಆಕಾಶವನ್ನು ಬೆಳಗುತ್ತದೆ. ಅಲ್ಲಿ ಬೆರಗು ಮುಂದಿದೆ. ಕುಲುಮೆಯ ಬಳಿ ಬದುಕುವವರ ಪಾಡು ಹಿಂದೆ ಸರಿದಿದೆ. ಭಾರತದಲ್ಲಿ ಇದಕ್ಕಿಂತ ಬೇರೆಯಾದ ಒಂದು ಪೂರ್ವಪರಂಪರೆ ಇದೆ. 1942ರ ಚಂಡಮಾರುತಕ್ಕೆ ತುತ್ತಾದ ಮೇದಿನಿಪುರ ಜಿಲ್ಲೆಯಲ್ಲಿ ಮರುವರ್ಷ ಬರಗಾಲ ಕವಿದಾಗ ಚಿತ್ತಪ್ರಸಾದ್ ಅಲ್ಲಿ ಸುತ್ತಾಡಿ ಹಸಿದವರ ರೇಖಾಚಿತ್ರಗಳನ್ನು ಬರೆದರು. ಅವನ್ನೂ ಅವರ ಬರಹವನ್ನೂ ಕೂಡಿಸಿ ಪ್ರಕಟವಾದ ‘ಹಂಗ್ರಿ ಬೆಂಗಾಲ್’ ಪುಸ್ತಿಕೆಯ ಪ್ರತಿಗಳನ್ನು ಬ್ರಿಟಿಷ್ ಸರ್ಕಾರ ವಶಪಡಿಸಿಕೊಂಡು ನಾಶಮಾಡಿತು. ಪ್ರಕೃತಿಯ ವಿಕೋಪ, ಆಡಳಿತದ ಹೊಣೆಗೇಡಿತನ, ಬಡವರ ಸಾವು ಈ ಮೂರನ್ನೂ ಒಂದೇ ಎಳೆಯಲ್ಲಿ ಹಿಡಿದ ಈ ಕೃತಿ ಪರಿಸರ ನ್ಯಾಯದ ಕಲೆಗೆ ಮುನ್ನುಡಿ ಎನ್ನಬಹುದು, ಆ ಹೆಸರು ಆಗಿನ್ನೂ ಹುಟ್ಟಿರಲಿಲ್ಲ.

ಚಳವಳಿಯಾಗಿ ಪರಿಸರ ನ್ಯಾಯ ಗುರುತಿಸಿಕೊಂಡದ್ದು 1982ರಲ್ಲಿ. ಅಮೆರಿಕದ ಉತ್ತರ ಕೆರೊಲಿನಾದ ವಾರೆನ್ ಕೌಂಟಿಯಲ್ಲಿ, ಕಪ್ಪು ಜನರೇ ಹೆಚ್ಚಾಗಿದ್ದ ಕಡೆ ವಿಷಕಾರಿ ಪಿಸಿಬಿ ಬೆರೆತ ಮಣ್ಣನ್ನು ಹೂಳಲು ಸರ್ಕಾರ ಹೊರಟಿತು. ಲಾರಿಗಳ ಮುಂದೆ ರಸ್ತೆಯಲ್ಲಿ ಮಲಗಿ ತಡೆದವರಲ್ಲಿ 500ಕ್ಕೂ ಹೆಚ್ಚು ಮಂದಿ ಬಂಧನಕ್ಕೊಳಗಾದರು. ಅಮೆರಿಕದಲ್ಲಿ ವಿಷತ್ಯಾಜ್ಯದ ಗುಂಡಿಗಳಿಗೂ ವರ್ಣಕ್ಕೂ ಇರುವ ನಂಟನ್ನು 1987ರಲ್ಲಿ ಚರ್ಚ್ ಸಂಘಟನೆಯೊಂದರ ವರದಿ ತೋರಿಸಿಕೊಟ್ಟಿತು. 1991ರಲ್ಲಿ ವಾಷಿಂಗ್ಟನ್‌ನಲ್ಲಿ ಸೇರಿದ ಸಮಾವೇಶ ಪರಿಸರ ನ್ಯಾಯದ 17 ತತ್ತ್ವಗಳನ್ನು ಅಂಗೀಕರಿಸಿತು. ಭಾರತದಲ್ಲಿ ಈ ದಾರಿ ಬೇರೆ ಕಡೆಯಿಂದ ತೆರೆದುಕೊಂಡಿತ್ತು. 1973ರ ಚಿಪ್ಕೊ, 1983ರಲ್ಲಿ ಶಿರಸಿ ಬಳಿಯ ಸಾಲ್ಕಣಿಯಲ್ಲಿ ಶುರುವಾದ ಅಪ್ಪಿಕೊ ಚಳವಳಿಗಳು ಕಾಡನ್ನು ನಂಬಿ ಬದುಕುವವರಿಂದಲೇ ಹುಟ್ಟಿದವು. ರಾಮಚಂದ್ರ ಗುಹಾ ಮತ್ತು ಹ್ವಾನ್ ಮಾರ್ಟಿನೆಸ್ ಅಲಿಯೆ ಇಂಥ ಹೋರಾಟಗಳನ್ನು ‘ಬಡವರ ಪರಿಸರವಾದ’ ಎಂದು ಕರೆದರು.

ನಿರೂಪಣೆಯ ಸಮಸ್ಯೆ

ಬೆಂಕಿ, ಪ್ರವಾಹ, ಯುದ್ಧಗಳು ಒಂದು ಕ್ಷಣದಲ್ಲಿ ಕಣ್ಣಿಗೆ ಬೀಳುತ್ತವೆ. ಪಾದರಸ, ಸೀಸ, ಕೀಟನಾಶಕಗಳ ಕೇಡು ಹಾಗೆ ಬೀಳುವುದಿಲ್ಲ. ಅದು ವರ್ಷಗಟ್ಟಲೆ ಮಣ್ಣಿನಲ್ಲಿ, ಮೀನಿನಲ್ಲಿ, ಗರ್ಭದಲ್ಲಿ ಸೇರಿಕೊಳ್ಳುತ್ತದೆ. ರಾಬ್ ನಿಕ್ಸನ್ 2011ರ ತಮ್ಮ ಗ್ರಂಥದಲ್ಲಿ ಇದಕ್ಕೆ ‘ನಿಧಾನ ಹಿಂಸೆ’ ಎಂದು ಹೆಸರಿಟ್ಟರು. ಕಾಣದಿರುವುದನ್ನು ಕಾಣಿಸುವುದು ಈ ಕಲೆಯ ಮೊದಲ ಕಷ್ಟ. ಹಾನಿಗೂ ಅದಕ್ಕೆ ಹೊಣೆಯಾದವರಿಗೂ ಇರುವ ದೂರ ಎರಡನೆಯದು: ಗುಂಡಿ ಒಂದೂರಿನಲ್ಲಿ, ಕಚೇರಿ ಇನ್ನೊಂದು ಖಂಡದಲ್ಲಿ. ಮೂರನೆಯದು ಎಲ್ಲಕ್ಕಿಂತ ಸೂಕ್ಷ್ಮ. ಹಾನಿಯ ಗುರುತು ಹೆಚ್ಚಾಗಿ ಉಳಿಯುವುದು ಬಾಧಿತರ ಮೈಮೇಲೆಯೇ. ಅದನ್ನು ತೋರಿಸಿದರೆ ಅವರ ಘನತೆಗೆ ಧಕ್ಕೆ, ತೋರಿಸದಿದ್ದರೆ ಅನ್ಯಾಯಕ್ಕೆ ಸಾಕ್ಷಿಯಿಲ್ಲ. ಮುಂದಿನ ಮೂರು ಪ್ರಕರಣಗಳು ಈ ಇಕ್ಕಟ್ಟನ್ನು ಸ್ಪಷ್ಟವಾಗಿ ಮುಂದಿಡುತ್ತವೆ.

ಮಿನಮಾಟಾ

ಜಪಾನಿನ ಮಿನಮಾಟಾದಲ್ಲಿ ಚಿಸ್ಸೊ ಕಂಪನಿಯ ಕಾರ್ಖಾನೆ 1932ರಿಂದ 1968ರವರೆಗೆ ಪಾದರಸ ಬೆರೆತ ಕೊಳಚೆಯನ್ನು ಸಮುದ್ರಕ್ಕೆ ಬಿಟ್ಟಿತು. ಮೀನೇ ಆಹಾರವಾಗಿದ್ದ ಬೆಸ್ತರ ಕುಟುಂಬಗಳಲ್ಲಿ ನರಮಂಡಲದ ರೋಗ ಹರಡಿತು. 1956ರಲ್ಲಿ ರೋಗ ಅಧಿಕೃತವಾಗಿ ದಾಖಲಾಯಿತು. ಕಾರಣವನ್ನು ಸರ್ಕಾರ ಒಪ್ಪಿಕೊಳ್ಳಲು 1968ರವರೆಗೆ ಕಾಯಬೇಕಾಯಿತು. ಕುವಾಬಾರಾ ಶಿಸೇ 1960ರಿಂದಲೇ ಇಲ್ಲಿ ಛಾಯಾಚಿತ್ರಗಳನ್ನು ತೆಗೆಯುತ್ತಿದ್ದರು. ಅಮೆರಿಕದ ಯೂಜಿನ್ ಸ್ಮಿತ್ ಮತ್ತು ಪತ್ನಿ ಐಲೀನ್ 1971ರಲ್ಲಿ ಬಂದು ಸುಮಾರು ಮೂರು ವರ್ಷ ಬಾಧಿತರ ನಡುವೆಯೇ ವಾಸಿಸಿದರು. 1972ರ ಜನವರಿಯಲ್ಲಿ ಕಂಪನಿಯ ಇನ್ನೊಂದು ಕಾರ್ಖಾನೆಗೆ ರೋಗಿಗಳ ಜೊತೆ ಹೋಗಿದ್ದ ಸ್ಮಿತ್ ಮೇಲೆ ಅಲ್ಲಿನ ಕೆಲಸಗಾರರು ಹಲ್ಲೆ ನಡೆಸಿದರು. ಅವರ ದೃಷ್ಟಿಗೂ ಪೆಟ್ಟಾಯಿತು.

ಹುಟ್ಟುವ ಮೊದಲೇ ವಿಷಕ್ಕೆ ತುತ್ತಾಗಿದ್ದ ಮಗಳನ್ನು ತಾಯಿ ಸ್ನಾನದ ತೊಟ್ಟಿಯಲ್ಲಿ ತೋಳಿನಲ್ಲಿ ಹಿಡಿದು ನೋಡುತ್ತಿರುವ ಕಪ್ಪುಬಿಳುಪು ಚಿತ್ರ 1972ರ ಜೂನ್‌ನಲ್ಲಿ ‘ಲೈಫ್’ ಪತ್ರಿಕೆಯಲ್ಲಿ ಅಚ್ಚಾಯಿತು. ಕೈಗಾರಿಕಾ ಮಾಲಿನ್ಯ ಎಂದರೆ ಜಗತ್ತಿನ ಕಣ್ಣಮುಂದೆ ಬಹುಕಾಲ ನಿಂತ ಚಿತ್ರ ಅದು. ಇದರಲ್ಲಿ ಕಾರ್ಖಾನೆ ಇಲ್ಲ, ಕೊಳಚೆ ಇಲ್ಲ, ತಾಯಿಯ ಮುಖದಲ್ಲಿ ದೂರೂ ಇಲ್ಲ. ಅಕ್ಕರೆಯೊಂದೇ ಇರುವುದರಿಂದಲೇ ಅದು ಕಂಪನಿಯ ಮೇಲೆ ಅಷ್ಟು ದೊಡ್ಡ ಆರೋಪವಾಯಿತು. ಕುಮಾಮೊಟೊ ನ್ಯಾಯಾಲಯ 1973ರಲ್ಲಿ ಬಾಧಿತರ ಪರ ತೀರ್ಪು ಕೊಟ್ಟಿತು. ಸ್ಮಿತ್ ದಂಪತಿಯ ‘ಮಿನಮಾಟಾ’ ಗ್ರಂಥ 1975ರಲ್ಲಿ ಹೊರಬಂತು.

ಆ ಹೆಣ್ಣುಮಗಳು 1977ರಲ್ಲಿ ತೀರಿಕೊಂಡಳು. ಚಿತ್ರ ಮಾತ್ರ ಪುಸ್ತಕ, ಭಿತ್ತಿಪತ್ರ, ಪ್ರದರ್ಶನಗಳಲ್ಲಿ ಸುತ್ತುತ್ತಲೇ ಇತ್ತು. ಮಗಳಿಗೆ ಇನ್ನಾದರೂ ವಿಶ್ರಾಂತಿ ಸಿಗಲಿ ಎಂದು ತಂದೆತಾಯಿ ಬಯಸಿದರು. 1990ರ ದಶಕದ ಕೊನೆಯಲ್ಲಿ ಐಲೀನ್ ಆ ಚಿತ್ರದ ಬಳಕೆಯ ನಿರ್ಧಾರವನ್ನು ಅವರಿಗೆ ಒಪ್ಪಿಸಿ, ಹೊಸದಾಗಿ ಪ್ರಕಟಿಸುವುದನ್ನು ನಿಲ್ಲಿಸಿದರು. ಛಾಯಾಚಿತ್ರ ತೆಗೆದವರದೋ ಅದರಲ್ಲಿರುವವರದೋ ಎಂಬ ಚರ್ಚೆಗೆ ಇದು ಇಂದಿಗೂ ಮುಖ್ಯ ಆಧಾರ. ಇರಿ ಮತ್ತು ತೋಶಿ ಮಾರುಕಿ ದಂಪತಿ ಇದೇ ದುರಂತವನ್ನು 1980ರಲ್ಲಿ ಬೃಹತ್ ಚಿತ್ರಫಲಕವಾಗಿ ಬರೆದರು. ಪಾದರಸದ ಬಳಕೆಯನ್ನು ನಿಯಂತ್ರಿಸುವ 2013ರ ಅಂತರರಾಷ್ಟ್ರೀಯ ಒಪ್ಪಂದಕ್ಕೆ ಮಿನಮಾಟಾದ ಹೆಸರನ್ನೇ ಇಡಲಾಗಿದೆ.

ಭೋಪಾಲ

1984ರ ಡಿಸೆಂಬರ್ 2ರ ರಾತ್ರಿ ಭೋಪಾಲದ ಯೂನಿಯನ್ ಕಾರ್ಬೈಡ್ ಕಾರ್ಖಾನೆಯಿಂದ ಸುಮಾರು 40 ಟನ್ ಮೀಥೈಲ್ ಐಸೊಸಯನೇಟ್ ಅನಿಲ ಸೋರಿತು. ಕಾರ್ಖಾನೆಯ ಗೋಡೆಗೆ ತಾಗಿಕೊಂಡಿದ್ದ ಬಡ ಬಸ್ತಿಗಳು ಮೊದಲು ಬಲಿಯಾದವು. ಹೂಳುವ ಹೊತ್ತಿನಲ್ಲಿ ಮಣ್ಣಿನಿಂದ ಮುಖವಷ್ಟೇ ಹೊರಗೆ ಕಾಣುತ್ತಿದ್ದ ಮಗುವೊಂದನ್ನು ರಘು ರಾಯ್ ಕಪ್ಪುಬಿಳುಪಿನಲ್ಲೂ ಪಾಬ್ಲೊ ಬಾರ್ಥಲೊಮ್ಯೂ ಬಣ್ಣದಲ್ಲೂ ಸೆರೆಹಿಡಿದರು. ಬಾರ್ಥಲೊಮ್ಯೂ ಅವರ ಚಿತ್ರಕ್ಕೆ 1984ರ ‘ವರ್ಲ್ಡ್ ಪ್ರೆಸ್ ಫೋಟೊ’ ವರ್ಷದ ಚಿತ್ರ ಪ್ರಶಸ್ತಿ ಸಂದಿತು. ಮಗು ಯಾರದೆಂದು ತಿಳಿಯಲೇ ಇಲ್ಲ.

ಭೋಪಾಲದ ಕಲೆ ಅಲ್ಲಿಗೆ ನಿಲ್ಲಲಿಲ್ಲ ಎಂಬುದು ಗಮನಿಸಬೇಕಾದ ಸಂಗತಿ. ಡಚ್ ಶಿಲ್ಪಿ ರೂತ್ ವಾಟರ್‌ಮನ್ ಮಾಡಿದ ತಾಯಿ ಮತ್ತು ಮಕ್ಕಳ ಶಿಲ್ಪ 1985ರಲ್ಲೇ ಕಾರ್ಖಾನೆಯ ಎದುರಿಗೆ ನಿಂತಿತು. ಕಾರ್ಖಾನೆಯ ಗೋಡೆಯೇ ಬಾಧಿತರ ಬರಹ ಮತ್ತು ಚಿತ್ರಗಳಿಗೆ ಹಲಗೆಯಾಯಿತು. ರಘು ರಾಯ್ ವರ್ಷಗಳ ನಂತರ ಮತ್ತೆ ಹೋಗಿ, ಉಸಿರಾಟದ ತೊಂದರೆಯಲ್ಲೇ ಬದುಕುತ್ತಿದ್ದವರನ್ನೂ ಕಾರ್ಖಾನೆಯಲ್ಲಿ ಹಾಗೇ ಬಿದ್ದಿದ್ದ ರಾಸಾಯನಿಕಗಳನ್ನೂ ಚಿತ್ರಿಸಿ 2002ರಲ್ಲಿ ಪುಸ್ತಕವಾಗಿ ತಂದರು. ಒಂದು ರಾತ್ರಿಯ ದುರಂತ ಎಂದು ಮುಚ್ಚಿಹೋಗಬಹುದಾಗಿದ್ದ ಕಡತವನ್ನು ಈ ಎರಡನೆಯ ಭೇಟಿ ನಿಧಾನ ಹಿಂಸೆಯ ಕಡತವಾಗಿ ತೆರೆಯಿತು. 2004ರ ಡಿಸೆಂಬರ್ 3ರಂದು ‘ಯೆಸ್ ಮೆನ್’ ಎಂಬ ಕಲಾವಿದರ ತಂಡದ ಒಬ್ಬರು ಬಿಬಿಸಿಯಲ್ಲಿ, ಆ ವೇಳೆಗೆ ಯೂನಿಯನ್ ಕಾರ್ಬೈಡನ್ನು ಕೊಂಡಿದ್ದ ಡೌ ಕಂಪನಿಯ ವಕ್ತಾರನಂತೆ ಕುಳಿತು, ಬಾಧಿತರಿಗೆ ಪೂರ್ಣ ಪರಿಹಾರ ಕೊಡುವುದಾಗಿ ಘೋಷಿಸಿದರು. ಸುಳ್ಳು ಬಯಲಾಗುವ ಮೊದಲು ಡೌ ಷೇರುಬೆಲೆ ಕುಸಿಯಿತು. ಈ ಪ್ರಯೋಗ ಕಂಪನಿಯ ಮೌನವನ್ನು ಬಯಲಿಗೆಳೆಯಿತು. ಹಾಗೆಯೇ ಭೋಪಾಲದ ಜನರಲ್ಲಿ ಕೆಲವು ಗಂಟೆಗಳ ಹುಸಿ ಭರವಸೆ ಹುಟ್ಟಿಸಿತು ಎಂಬ ಟೀಕೆಗೂ ಗುರಿಯಾಯಿತು.

2014ರ ಡಿಸೆಂಬರ್‌ನಲ್ಲಿ ತೆರೆದ ‘ರಿಮೆಂಬರ್ ಭೋಪಾಲ’ ಸಂಗ್ರಹಾಲಯ ಬದುಕುಳಿದವರ ಸಂಘಟನೆಗಳದ್ದೇ. ಸತ್ತವರ ಬಟ್ಟೆ, ಮಕ್ಕಳ ಆಟಿಕೆ, ಮನೆಮಂದಿಯ ಧ್ವನಿಮುದ್ರಿತ ಮಾತುಗಳು ಇಲ್ಲಿನ ಸಂಗ್ರಹ. ಸರ್ಕಾರ ಹಾಗೂ ಕಂಪನಿಗಳಿಂದ ಹಣ ಪಡೆಯುವುದಿಲ್ಲ ಎಂಬುದು ಅದರ ನಿಯಮ.

ಕಾಸರಗೋಡು

ಕನ್ನಡ, ತುಳು, ಮಲಯಾಳ ಮಾತಾಡುವ ಕಾಸರಗೋಡಿನ ಹಳ್ಳಿಗಳ ಮೇಲಿನ ಗುಡ್ಡಗಳಲ್ಲಿ ಸರ್ಕಾರಿ ನಿಗಮದ ಗೇರುತೋಟಗಳಿವೆ. ಅವುಗಳ ಮೇಲೆ 1970ರ ದಶಕದ ಕೊನೆಯಿಂದ 2000ದವರೆಗೆ ಹೆಲಿಕಾಪ್ಟರಿನಿಂದ ಎಂಡೋಸಲ್ಫಾನ್ ಕೀಟನಾಶಕ ಸಿಂಪಡಿಸಲಾಯಿತು. ಎಣ್ಮಕಜೆ, ಬೆಳ್ಳೂರು, ಕುಂಬಡಾಜೆ, ಮುಳಿಯಾರು ಮೊದಲಾದ ಪಂಚಾಯಿತಿಗಳಲ್ಲಿ ಅಂಗವೈಕಲ್ಯ, ಬುದ್ಧಿಮಾಂದ್ಯ, ನರರೋಗಗಳು ಅಸಹಜವಾಗಿ ಹೆಚ್ಚಿದವು. ಪತ್ರಕರ್ತ ಶ್ರೀಪಡ್ರೆ, ವೈದ್ಯ ಮೋಹನ್‌ಕುಮಾರ್ ಇದನ್ನು ಮೊದಲೇ ಬರೆದು ಎಚ್ಚರಿಸಿದ್ದರು. ದಕ್ಷಿಣ ಕನ್ನಡದ ಬೆಳ್ತಂಗಡಿ ತಾಲ್ಲೂಕಿನ ಕೊಕ್ಕಡ, ಪಟ್ರಮೆ, ನಿಡ್ಲೆಗಳಲ್ಲೂ ಇದೇ ಕೇಡು ಕಾಣಿಸಿಕೊಂಡಿತು.

‘ಮಾತೃಭೂಮಿ’ ಪತ್ರಿಕೆಯ ಛಾಯಾಗ್ರಾಹಕ ಮಧುರಾಜ್ ತೆಗೆದ ಬಾಧಿತ ಮಕ್ಕಳ ಚಿತ್ರಗಳು ಕೇರಳದಲ್ಲಿ ಈ ವಿಷಯವನ್ನು ತಜ್ಞರ ವಾದದಿಂದ ಮನೆಮನೆಯ ಮಾತಾಗಿಸಿದವು. ವಿಷದ ಪ್ರಮಾಣ ಎಷ್ಟು, ರೋಗಕ್ಕೂ ಅದಕ್ಕೂ ಸಂಬಂಧ ಸಾಬೀತಾಗಿದೆಯೇ ಎಂದು ಸಮಿತಿಗಳು ಚರ್ಚಿಸುತ್ತಿದ್ದಾಗ ಚಿತ್ರಗಳು ಆ ಮಕ್ಕಳನ್ನು ಜನರ ಮುಂದೆ ನಿಲ್ಲಿಸಿದವು. ಸ್ಟಾಕ್‌ಹೋಮ್ ಒಪ್ಪಂದದ ನಿಷೇಧಿತ ಪಟ್ಟಿಗೆ ಎಂಡೋಸಲ್ಫಾನ್ 2011ರ ಏಪ್ರಿಲ್‌ನಲ್ಲಿ ಸೇರಿತು. ಮೇ ತಿಂಗಳಲ್ಲಿ ಸುಪ್ರೀಂ ಕೋರ್ಟ್ ಭಾರತದಲ್ಲಿ ಅದರ ಬಳಕೆಯನ್ನು ತಡೆಯಿತು. 2017ರಲ್ಲಿ ಬಾಧಿತರಿಗೆ ತಲಾ 5 ಲಕ್ಷ ರೂಪಾಯಿ ಕೊಡಬೇಕೆಂದು ಅದೇ ನ್ಯಾಯಾಲಯ ಕೇರಳಕ್ಕೆ ಆದೇಶಿಸಿತು. ಶಿಲ್ಪಿ ಕಾನಾಯಿ ಕುಞಿರಾಮನ್ ಬಾಧಿತರ ನೆನಪಿಗಾಗಿ ಕಾಸರಗೋಡಿನಲ್ಲಿ ತಾಯಿಯ ಬೃಹತ್ ಶಿಲ್ಪವನ್ನು ರೂಪಿಸಿದ್ದಾರೆ. ಮಿನಮಾಟಾ, ಭೋಪಾಲ, ಕಾಸರಗೋಡು ಮೂರೂ ಕಡೆ ಕಲಾವಿದರು ತಾಯಿಮಗುವಿನ ರೂಪಕ್ಕೇ ಮೊರೆಹೋಗಿದ್ದಾರೆ. ವಿಷ ತಲೆಮಾರು ದಾಟುತ್ತದೆ ಎಂಬುದನ್ನು ಹೇಳಲು ಇದಕ್ಕಿಂತ ನೇರವಾದ ರೂಪವಿಲ್ಲ. ಆದರೆ ಹಗಲಿರುಳು ಆರೈಕೆಯ ಹೊರೆ ಹೊತ್ತ ತಾಯಂದಿರು ನಡೆಸಿದ ಹೋರಾಟ ಈ ರೂಪದಲ್ಲಿ ಮರೆಯಾಗುವ ಅಪಾಯವೂ ಇದೆ. ಕಾಸರಗೋಡಿನ ತಾಯಂದಿರು ತಿರುವನಂತಪುರದಲ್ಲಿ ಉಪವಾಸ ಕುಳಿತು ಹಕ್ಕು ಕೇಳಿದವರು.

ಪ್ರಕಾರಗಳು

ಸಾಕ್ಷ್ಯದ ಕಲೆ ಮೇಲೆ ಹೇಳಿದ ಬಗೆಯದು. ಲಾಟೋಯಾ ರೂಬಿ ಫ್ರೇಜಿಯರ್ ಇದನ್ನು ಒಂದು ಹೆಜ್ಜೆ ಮುಂದಕ್ಕೆ ಒಯ್ದರು. ಅಮೆರಿಕದ ಫ್ಲಿಂಟ್ ನಗರದಲ್ಲಿ 2014ರಿಂದ ನಲ್ಲಿನೀರಿನಲ್ಲಿ ಸೀಸ ಬೆರೆತಾಗ ಅವರು ಒಂದೇ ಕುಟುಂಬದ ಮೂರು ತಲೆಮಾರಿನ ಹೆಣ್ಣುಮಕ್ಕಳ ಜೊತೆ ಕೆಲಸ ಮಾಡಿದರು. ಚಿತ್ರಗಳ ಮಾರಾಟದಿಂದ ಬಂದ ಹಣವನ್ನೂ ಸೇರಿಸಿ, ಗಾಳಿಯ ತೇವದಿಂದ ನೀರು ತೆಗೆಯುವ ಯಂತ್ರವೊಂದು 2019ರಲ್ಲಿ ಆ ಊರಿಗೆ ಬರುವಂತೆ ಮಾಡಿದರು.

ದುರಸ್ತಿಯ ಕಲೆ ಕೆಟ್ಟ ನೆಲವನ್ನೇ ಸರಿಪಡಿಸಲು ಹೊರಡುತ್ತದೆ. ಹಾನ್ಸ್ ಹಾಕೆ 1972ರಲ್ಲಿ ಜರ್ಮನಿಯ ಕ್ರೆಫೆಲ್ಡ್ ಸಂಗ್ರಹಾಲಯದೊಳಗೆ ರೈನ್ ನದಿಗೆ ಸೇರುತ್ತಿದ್ದ ಕೊಳಕು ನೀರನ್ನು ಶುದ್ಧಗೊಳಿಸಿ ಮೀನು ಬಿಟ್ಟರು. ಮೆಲ್ ಚಿನ್ 1991ರಲ್ಲಿ ಕೃಷಿವಿಜ್ಞಾನಿ ರೂಫಸ್ ಚೇನಿ ಜೊತೆಗೂಡಿ, ಮಿನೆಸೋಟದ ಕಸದ ಭೂಮಿಯಲ್ಲಿ ಕ್ಯಾಡ್ಮಿಯಂ, ಸತು ಹೀರುವ ಗಿಡಗಳನ್ನು ಬೆಳೆದು ‘ರಿವೈವಲ್ ಫೀಲ್ಡ್’ ಎಂದು ಕರೆದರು. ಅದು ವೈಜ್ಞಾನಿಕ ಪ್ರಯೋಗವೂ ಹೌದು. ಜೋಸೆಫ್ ಬಾಯ್ಸ್ ಜರ್ಮನಿಯ ಕಾಸೆಲ್‌ನಲ್ಲಿ 1982ರಲ್ಲಿ ಆರಂಭಿಸಿದ 7,000 ಓಕ್ ಮರಗಳ ನೆಡುವಿಕೆ ಅವರ ಸಾವಿನ ನಂತರ, 1987ರಲ್ಲಿ ಪೂರ್ಣಗೊಂಡಿತು.

ತ್ಯಾಜ್ಯ ಮತ್ತು ದುಡಿಮೆಯ ಕಲೆ ಕಸದ ಜೊತೆಗೆ ಕಸ ಎತ್ತುವವರನ್ನೂ ನೋಡುತ್ತದೆ. ಮಿಯರ್ಲ್ ಲೇಡರ್‌ಮನ್ ಯೂಕಲಿಸ್ 1979–80ರಲ್ಲಿ ನ್ಯೂಯಾರ್ಕಿನ ಸುಮಾರು 8,500 ಪೌರಕಾರ್ಮಿಕರ ಕೈಕುಲುಕಿ ಧನ್ಯವಾದ ಹೇಳಿದ್ದನ್ನೇ ಕೃತಿಯಾಗಿಸಿದರು. ಭಾರತದಲ್ಲಿ ಈ ಪ್ರಶ್ನೆ ಜಾತಿಯಿಂದ ಬೇರೆಯಾಗಿ ನಿಲ್ಲಲಾರದು. ಮುಂಬಯಿಯ ಪೌರಕಾರ್ಮಿಕರನ್ನು ಚಿತ್ರಿಸಿದ ಸುಧಾರಕ್ ಓಲ್ವೆ ಅವರ ಛಾಯಾಚಿತ್ರ ಮಾಲೆ, ನಗರದ ಕೊಳಕನ್ನು ದಲಿತರ ಮೈಮೇಲೆ ಹೊರಿಸಿರುವ ವ್ಯವಸ್ಥೆಯನ್ನು ನೇರವಾಗಿ ತೋರಿಸುತ್ತದೆ. ವಿವಾನ್ ಸುಂದರಂ ದೆಹಲಿಯ ಚಿಂದಿ ಆಯುವವರ ನೆರವಿನಿಂದ ಕಸದ ನಗರವೊಂದನ್ನೇ ಕಟ್ಟಿ, 2008ರಲ್ಲಿ ‘ಟ್ರ್ಯಾಶ್’ ಹೆಸರಿನಲ್ಲಿ ಅದರ ಚಿತ್ರಗಳನ್ನು ಪ್ರದರ್ಶಿಸಿದರು.

ತನಿಖೆಯ ಕಲೆ ಇತ್ತೀಚಿನದು. ಲಂಡನ್ನಿನ ‘ಫೊರೆನ್ಸಿಕ್ ಆರ್ಕಿಟೆಕ್ಚರ್’ ತಂಡ ಹಳೆಯ ನಕ್ಷೆ, ವೈಮಾನಿಕ ಚಿತ್ರ, ಗಾಳಿಯ ಲೆಕ್ಕಾಚಾರಗಳನ್ನು ಕೂಡಿಸಿ, ಅಮೆರಿಕದ ಲೂಯಿಸಿಯಾನದಲ್ಲಿ ಪೆಟ್ರೊರಾಸಾಯನಿಕ ಕಾರ್ಖಾನೆಗಳು ಗುಲಾಮರ ಸಮಾಧಿಗಳ ಮೇಲೆ ಹಬ್ಬುತ್ತಿರುವುದನ್ನು 2021ರಲ್ಲಿ ನಿರೂಪಿಸಿತು. ಅಮರ್ ಕನ್ವರ್ ಅವರ ‘ದ ಸಾವರಿನ್ ಫಾರೆಸ್ಟ್’ ಇದೇ ಸಾಲಿಗೆ ಸೇರಿದರೂ ಅದರ ಹದ ಬೇರೆ. ಒಡಿಶಾದಲ್ಲಿ ಗಣಿ ಮತ್ತು ಕಾರ್ಖಾನೆಗಳಿಗೆ ಹೋಗಲಿರುವ ಭೂಮಿಯ ಚಲನಚಿತ್ರ, ಕೈಕಾಗದದ ಪುಸ್ತಕಗಳು, ನೂರಾರು ದೇಸಿ ಭತ್ತದ ತಳಿಗಳು ಅದರಲ್ಲಿವೆ. 2012ರಲ್ಲಿ ಕಾಸೆಲ್‌ನ ಡಾಕ್ಯುಮೆಂಟಾ ಕಲಾಪ್ರದರ್ಶನದಲ್ಲಿ ತೋರಿಸಿದ ವರ್ಷವೇ ಅದನ್ನು ಭುವನೇಶ್ವರದಲ್ಲೂ ತೆರೆದಿಟ್ಟರು. ಅಲ್ಲಿನ ಜನ ತಮ್ಮ ಬಳಿಯಿದ್ದ ದಾಖಲೆಗಳನ್ನು ತಂದು ಸೇರಿಸಬಹುದಿತ್ತು.

ಸಹಭಾಗಿತ್ವದ ಕಲೆಗೆ ನವಜೋತ್ ಅಲ್ತಾಫ್ ಛತ್ತೀಸಗಢದ ಕೊಂಡಗಾಂವ್‌ನಲ್ಲಿ ಆದಿವಾಸಿ ಕಲಾವಿದರಾದ ರಾಜಕುಮಾರ್ ಕೊರ್ರಾಂ, ಶಾಂತಿಬಾಯಿ, ಗೇಸುರಾಮ್ ಅವರ ಜೊತೆಗೂಡಿ ಮಾಡಿದ ‘ನಲ್ಪಾರ್’ ಉತ್ತಮ ಮಾದರಿ. ಕೊಳವೆಬಾವಿಯ ಕೈಪಂಪಿನ ಸುತ್ತಲಿನ ಕೆಸರುಗುಂಡಿಯನ್ನು ಶುಚಿಯಾದ ಕಟ್ಟೆಯಾಗಿ ರೂಪಿಸಿ, ಹೆಂಗಸರು ಕೊಡವನ್ನು ತಲೆಗೇರಿಸಲು ಅನುಕೂಲವಾಗುವಂತೆ ಎತ್ತರದ ತಾಣಗಳನ್ನು ಮಾಡಿದ್ದಾರೆ. ಶಿಲ್ಪವೂ ಅದೇ, ಸೌಕರ್ಯವೂ ಅದೇ.

ಕರ್ನಾಟಕ

ಮೈಸೂರು ಮೂಲದ ಶಾಂತಾಮಣಿ ಎಂ. ಇದ್ದಿಲನ್ನು ಮಾಧ್ಯಮವಾಗಿ ಬಳಸುತ್ತಾರೆ. ಬೆನ್ನೆಲುಬಿನಾಕಾರದ ಅವರ ‘ಬ್ಯಾಕ್‌ಬೋನ್’ 2014ರ ಕೊಚ್ಚಿ-ಮುಜಿರಿಸ್ ಬಿನಾಲೆಯಲ್ಲಿತ್ತು. ಬೆಂಗಳೂರಿನ ಕೃಷ್ಣರಾಜ್ ಚೋನಟ್ ಇ-ತ್ಯಾಜ್ಯದಿಂದ ಮಾಡಿದ ಕೃತಿಯನ್ನು 2011ರಲ್ಲಿ ಪ್ಯಾರಿಸ್ಸಿನ ಪೊಂಪಿದು ಕೇಂದ್ರದಲ್ಲಿ ಪ್ರದರ್ಶಿಸಿದರು. ಬಾದಲ್ ನಂಜುಂಡಸ್ವಾಮಿ 2015ರಲ್ಲಿ ಬೆಂಗಳೂರಿನ ಸುಲ್ತಾನ್‌ಪಾಳ್ಯದ ರಸ್ತೆಗುಂಡಿಯ ನೀರಿನಲ್ಲಿ ಮೊಸಳೆಯ ಪ್ರತಿಕೃತಿ ಇಟ್ಟದ್ದು ನಾಗರಿಕ ಸೌಕರ್ಯದ ಪ್ರಶ್ನೆಯಾದರೂ, ಬೀದಿಯಲ್ಲೇ ಆಡಳಿತವನ್ನು ಎಚ್ಚರಿಸುವ ಅದರ ಮಾದರಿ ಪರಿಸರ ಹೋರಾಟಗಳಿಗೂ ಒದಗುವಂಥದ್ದು. ಮುಳುಗಡೆಯ ವಿಷಯದಲ್ಲಿ ಚಲನಚಿತ್ರ ಚಿತ್ರಕಲೆಗಿಂತ ಮುಂದಿದೆ. ನಾ. ಡಿಸೋಜ ಅವರ ಕಾದಂಬರಿಯನ್ನು ಆಧರಿಸಿ ಗಿರೀಶ ಕಾಸರವಳ್ಳಿ ನಿರ್ದೇಶಿಸಿದ ‘ದ್ವೀಪ’ ಅಣೆಕಟ್ಟಿನ ನೀರು ಏರುತ್ತಿರುವಾಗ ಊರು ಬಿಡಲೊಲ್ಲದ ಕುಟುಂಬವನ್ನು ಕುರಿತದ್ದು.

ಉಪಯೋಗ ಮತ್ತು ಪರಿಣಾಮ

ಶಾಸನಸಭೆಯಲ್ಲಿ ಸಾಕ್ಷ್ಯವಾಗಿ ಒದಗುವುದು ಇಂಥ ಕೃತಿಗಳ ಒಂದು ಉಪಯೋಗ. ಬಂಗಾಳ ಮೂಲದ ಸುಭಂಕರ್ ಬ್ಯಾನರ್ಜಿ ತೆಗೆದ ಆರ್ಕ್ಟಿಕ್ ಅಭಯಾರಣ್ಯದ ಚಿತ್ರಗಳನ್ನು 2003ರಲ್ಲಿ ಅಮೆರಿಕದ ಸೆನೆಟ್‌ನಲ್ಲಿ ತೈಲ ಕೊರೆಯುವ ಪ್ರಸ್ತಾಪದ ವಿರುದ್ಧ ಎತ್ತಿ ತೋರಿಸಲಾಯಿತು. ಆ ಬಳಿಕ ಸ್ಮಿತ್‌ಸೋನಿಯನ್ ಸಂಗ್ರಹಾಲಯದಲ್ಲಿ ಅವರ ಪ್ರದರ್ಶನ ಮೂಲೆಯ ಜಾಗಕ್ಕೆ ಸರಿಯಿತು, ಚಿತ್ರಗಳ ಕೆಳಗಿನ ವಿವರಣೆಗಳು ಮೊಟಕಾದವು. ಚಳವಳಿಗಳ ಭಿತ್ತಿಪತ್ರ, ಶಾಲೆಯ ಪಾಠ, ಸ್ಮಾರಕಗಳಿಗೂ ಈ ಕೃತಿಗಳು ಆಕರವಾಗಿವೆ. ಕಲೆಯೊಂದರಿಂದಲೇ ಕಾನೂನು ಬದಲಾಯಿತು ಎನ್ನಲು ಆಧಾರವಿಲ್ಲ. ಸಂಘಟನೆ, ವೈದ್ಯಕೀಯ ಅಧ್ಯಯನ, ನ್ಯಾಯಾಲಯದ ಹೋರಾಟ ಜೊತೆಗಿದ್ದ ಕಡೆ ಅದು ಬಲ ತುಂಬಿದೆ.

ಟೀಕೆಗಳು

ಕೇಡನ್ನು ಚೆಲುವಾಗಿ ತೋರಿಸುವುದು ಮುಖ್ಯ ಆಕ್ಷೇಪ. ಚಿತ್ತಗಾಂಗಿನ ಹಡಗು ಒಡೆಯುವ ತೀರದಂಥ ತಾಣಗಳನ್ನು ಬೃಹತ್ತಾಗಿ ಚಿತ್ರಿಸುವ ಎಡ್ವರ್ಡ್ ಬರ್ಟಿನ್‌ಸ್ಕಿ ಅವರ ಛಾಯಾಚಿತ್ರಗಳಲ್ಲಿ ಬಣ್ಣವೂ ವಿಸ್ತಾರವೂ ಕಾರ್ಮಿಕನನ್ನು ಚುಕ್ಕೆಯಾಗಿಸುತ್ತವೆ ಎಂದು ಹಲವರು ಹೇಳಿದ್ದಾರೆ. ಆಕ್ಷೇಪದಲ್ಲಿ ಹುರುಳಿದೆ, ಆ ಅಳತೆಯನ್ನು ಬೇರೆ ರೀತಿ ಕಾಣಿಸುವುದು ಕಷ್ಟ ಎಂಬುದೂ ನಿಜ. ಒಲಾಫುರ್ ಎಲಿಯಾಸನ್ ಗ್ರೀನ್‌ಲ್ಯಾಂಡಿನ ಮಂಜುಗಡ್ಡೆಗಳನ್ನು 2015ರಲ್ಲಿ ಪ್ಯಾರಿಸ್ ಚೌಕಕ್ಕೆ ತಂದು ಕರಗಲು ಬಿಟ್ಟಾಗ ಸಾಗಣೆಯ ಇಂಗಾಲದ ಪ್ರಶ್ನೆ ಎದ್ದಿತು. ಬಾಧಿತರ ಒಪ್ಪಿಗೆ, ಚಿತ್ರಗಳ ಒಡೆತನ, ಗಳಿಕೆಯ ಪಾಲು ಈಗ ಹೆಚ್ಚು ಚರ್ಚೆಯಾಗುತ್ತಿರುವ ವಿಷಯಗಳು. ಈ ಲೇಖನದಲ್ಲಿ ಹೆಸರಿಸಿದ ಕೃತಿಗಳಲ್ಲಿ ಬಾಧಿತರೇ ನಿರ್ಧಾರದ ಸ್ಥಾನದಲ್ಲಿರುವವು ಕಡಿಮೆ.

ಇಂದಿನ ಸ್ಥಿತಿ

ಆರೋಗ್ಯಕರ ಪರಿಸರ ಮಾನವ ಹಕ್ಕು ಎಂದು ವಿಶ್ವಸಂಸ್ಥೆಯ ಸಾಮಾನ್ಯ ಸಭೆ 2022ರಲ್ಲಿ ಅಂಗೀಕರಿಸಿತು. ಸಂಗ್ರಹಾಲಯಗಳು ಯಾರ ಹಣದಿಂದ ನಡೆಯುತ್ತಿವೆ ಎಂಬ ಪ್ರಶ್ನೆಯೂ ಬಲಗೊಂಡಿದೆ. ಲಂಡನ್ನಿನ ಟೇಟ್ ಸಂಗ್ರಹಾಲಯದೊಳಗೆ ‘ಲಿಬರೇಟ್ ಟೇಟ್’ ತಂಡ 2010ರಿಂದ ನಡೆಸಿದ ಅನುಮತಿಯಿಲ್ಲದ ಪ್ರದರ್ಶನಗಳ ಬಳಿಕ, ತೈಲ ಕಂಪನಿ ಬಿಪಿಯ 26 ವರ್ಷಗಳ ಪ್ರಾಯೋಜಕತ್ವ 2017ರಲ್ಲಿ ಕೊನೆಗೊಳ್ಳುವುದೆಂದು ಪ್ರಕಟವಾಯಿತು. ಕೃತಿಗಳ ಮೇಲಿನ ಅಡ್ಡಿ ನಿಂತಿಲ್ಲ. ನೈಜೀರಿಯಾದ ಒಗೋನಿ ನಾಡನ್ನು ತೈಲ ಕೆಡಿಸಿದ್ದರ ವಿರುದ್ಧ ಹೋರಾಡಿ 1995ರಲ್ಲಿ ಗಲ್ಲಿಗೇರಿದ ಬರಹಗಾರ ಕೆನ್ ಸಾರೊ-ವಿವಾ ಅವರ ಸ್ಮಾರಕವಾಗಿ, ಸೊಕಾರಿ ಡಗ್ಲಸ್ ಕ್ಯಾಂಪ್ 2006ರಲ್ಲಿ ಉಕ್ಕಿನ ಬಸ್ಸಿನ ಶಿಲ್ಪವನ್ನು ಮಾಡಿದರು. 2015ರಲ್ಲಿ ಒಗೋನಿ ಜನರಿಗೆ ಉಡುಗೊರೆಯಾಗಿ ಹಡಗಿನಲ್ಲಿ ಕಳುಹಿಸಿದ ಅದನ್ನು ನೈಜೀರಿಯಾದ ಸುಂಕ ಇಲಾಖೆ ಲಾಗೋಸ್ ಬಂದರಿನಲ್ಲಿ ವಶಪಡಿಸಿಕೊಂಡಿತು.